ಆಂಟೆನಾ ಕಟ್ಟಿಕೊಂಡ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಹೆಣ್ಣು ಹುಡುಕಿಕೊಟ್ಟಿದ್ದು ಒಂದು ಟಿವಿ ಆಂಟೆನಾ ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಜಾತಕ ಹೊಂದಿಸಿದವರಿಗೂ, ಮದುವೆಮನೆಯಲ್ಲಿ ಮತ್ತೆ ಮತ್ತೆ ಪಾಯಸ ಹಾಕಿಸಿಕೊಂಡ ನೆಂಟರಿಗೂ ಈ ಮಾತು ಕೇಳಿದರೆ ಸಿಟ್ಟೇ ಬರುತ್ತದೆ. ಬರಲಿ! ಆ ಆಂಟೆನಾ ಸರಿಯಾದ ದಿಕ್ಕಿಗೆ ನಿಂತಿದ್ದರೆ ನಮಗೆ ಚಿಕ್ಕಮ್ಮ ಸಿಗುತ್ತಲೇ ಇರಲಿಲ್ಲ. ಅದು ತಪ್ಪು ದಿಕ್ಕಿಗೆ ನಿಂತಿದ್ದರಿಂದ ನಮ್ಮ ಮನೆ ಬೆಳಗಿತು.

ಚಿಕ್ಕಪ್ಪ ಎಂದರೆ ನಮ್ಮಪ್ಪನ ತಮ್ಮ. ಸುತ್ತೂರಿನ ಹಾದಿಯಲ್ಲಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರು. ನಂಜನಗೂಡಿನ ಬಜಾರಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದೆ ಹೆಂಚು, ಅಡುಗೆಮನೆಯ ಮೇಲೆ ಮಾತ್ರ ಒಂದು ಪುಟ್ಟ ತಾರಸಿ. ಆ ತಾರಸಿಯೇ ಚಿಕ್ಕಪ್ಪನ ರಾಜ್ಯ. ಉದ್ದಕ್ಕೆ, ಸಣ್ಣಗೆ ಇದ್ದ ಅವರು ಸಂಜೆಯ ಬೆಳಕಿನಲ್ಲಿ ಎರಡೂ ಕೈ ಚಾಚಿ ಆಂಟೆನಾದ ಪಕ್ಕ ನಿಂತರೆ ಯಾವುದು ಯಾವುದೆಂದು ಕೆಳಗಿನಿಂದ ಹೇಳುವುದು ಕಷ್ಟ. ಒಮ್ಮೆ ಒಂದು ಕಾಗೆ ಮೋಸಹೋಗಿ ಅವರ ಹೆಗಲ ಮೇಲೆಯೇ ಬಂದು ಕೂತಿತ್ತಂತೆ. ಇದನ್ನು ಅವರೇ ಹೇಳಿದ್ದು, ಅದೂ ಹೆಮ್ಮೆಯಿಂದ!

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಮನೆಗೆ ಟಿವಿ ಬಂತು. ಕಪ್ಪು ಬಿಳುಪಿನದು, ಎದುರಿಗೆ ಬಾಗಿಲಿದ್ದದ್ದು. ಅಜ್ಜಿ ಅದರ ಹಣೆಗೆ ವಿಭೂತಿ ಹಚ್ಚಿದರು. ಚಿತ್ರ ಬರಬೇಕಾದದ್ದು ಮೈಸೂರಿನ ಟವರಿನಿಂದ. ಮೈಸೂರು ನಮಗೇನು ದೂರ? ಬಸ್ಸು ಹತ್ತಿದರೆ ಒಂದು ತೂಕಡಿಕೆಯ ದಾರಿ. ಆದರೆ ಚಿತ್ರಗಳಿಗೆ ಆ ಬಸ್ಸು ಸಿಗುತ್ತಿರಲಿಲ್ಲವೋ ಏನೋ, ಹೊಲ ಗದ್ದೆಗಳ ಮೇಲೆ ನಡೆದುಕೊಂಡೇ ಬಂದವರಂತೆ ಸುಸ್ತಾಗಿ, ಸೊಟ್ಟಗಾಗಿ, ಮೈತುಂಬ ಧೂಳು ಮೆತ್ತಿಕೊಂಡು ನಮ್ಮ ಮನೆ ಮುಟ್ಟುತ್ತಿದ್ದವು. ಪರದೆಯ ಮೇಲೆ ಬಿಳಿ ಚುಕ್ಕೆಗಳು ಗಿಜಿಗುಡುತ್ತಿದ್ದವಲ್ಲ, ಅವನ್ನು ನಾವು ಹುಳ ಎನ್ನುತ್ತಿದ್ದೆವು. ಆ ಹುಳಗಳನ್ನು ಓಡಿಸುವುದಕ್ಕೇ ದೇವರು ತನ್ನನ್ನು ಹುಟ್ಟಿಸಿದ್ದಾನೆ ಎಂದು ಚಿಕ್ಕಪ್ಪ ತೀರ್ಮಾನಿಸಿಬಿಟ್ಟರು.

ಅವರು ಮೇಲೆ ಹೋಗಿ ಕಂಬ ತಿರುಗಿಸುವುದು, ಕೆಳಗೆ ಟಿವಿಯ ಮುಂದೆ ಕೂತು ವರದಿ ಒಪ್ಪಿಸುವ ಕೆಲಸ ಅಜ್ಜಿಯದು. ಅಜ್ಜಿಗೆ ಕಣ್ಣು ಮಂಜು.

"ಬಂತೇನಮ್ಮಾ?"

"ಬಂದವ್ರೆ ಕಣೋ. ಇಬ್ರು ಹೆಣ್ಮಕ್ಳು ಬಂದವ್ರೆ."

"ಇಬ್ರಲ್ಲಮ್ಮ, ಒಬ್ಬಳೇ! ವಾರ್ತೆ ಓದೋಳು!"

"ಒಬ್ಬಳೆಲ್ಲೋ, ಹಿಂದ್ಗಡೆ ಅವಳ ತಂಗಿ ನಿಂತವ್ಳೆ ನೋಡು. ಅಕ್ಕ ಏನಂದ್ರೆ ಅದನ್ನೇ ಅವಳೂ ಅಂತಾವ್ಳೆ. ಪಾಪ, ಸ್ವಂತ ಬುದ್ಧಿಯಿಲ್ಲ!"

ಚಿತ್ರಕ್ಕೆ ನೆರಳು ಬೀಳುವುದು ಎಂದರೆ ಇದೇ. ಆ ತಂಗಿಯನ್ನು ಅಕ್ಕನೊಳಗೆ ಸೇರಿಸುವುದಕ್ಕೆ ಚಿಕ್ಕಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ. ಕಂಬ ಎತ್ತರಿಸಿದರು, ಬಗ್ಗಿಸಿದರು. ಆಂಟೆನಾಕ್ಕೆ ಲೋಹದ ತಟ್ಟೆ ಕಟ್ಟಿದರೆ ಬಲ ಬರುತ್ತದೆ ಎಂದು ಬಜಾರಿನ ರೇಡಿಯೋ ರಿಪೇರಿಯವನು ಹೇಳಿದ್ದೇ ತಡ, ಅಡುಗೆಮನೆಯ ಇಡ್ಲಿ ತಟ್ಟೆಗಳು ಒಂದೊಂದಾಗಿ ಮೇಲೇರಿದವು. ಆಮೇಲೆ ಜಾಲರಿ ಸೌಟು. ಆಮೇಲೆ ಹಾಲಿನ ಪಾತ್ರೆಯ ಮುಚ್ಚಳ. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಯಾರಿಗಾದರೂ ಇಡ್ಲಿ ತಿನ್ನುವ ಆಸೆಯಾದರೆ ಏಣಿ ಹತ್ತಬೇಕಾಗಿತ್ತು!

ಚಿತ್ರ ಸರಿಯಾಯಿತೆನ್ನಿ. ಚಿಕ್ಕಪ್ಪ ಬಂದು ನೋಡುತ್ತಿದ್ದರೆ? ಇಲ್ಲ. ಎದುರಿಗೆ ನಿಂತು, ತಲೆ ಓರೆ ಮಾಡಿ, ವಾರ್ತೆ ಓದುವವಳ ಸೀರೆಯ ಅಂಚು ಸರಿಯಾಗಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿ, "ಹಾಂ" ಎಂದು ಹೊರಟುಬಿಡುವರು. ದೇಶದಲ್ಲಿ ಸರ್ಕಾರ ಬಿದ್ದ ಸುದ್ದಿ ಬರುತ್ತಿದ್ದರೂ ಅವರಿಗೆ ಕಂಡದ್ದು ಅಂಚು ಮಾತ್ರ.

ಒಂದೇ ಒಂದು ಸಲ ಅವರು ಮೈಮರೆತು ಕೂತದ್ದನ್ನು ನಾನು ನೋಡಿದ್ದೇನೆ. ಆಗ ನಾನು ಪಿಯುಸಿ. ಪರೀಕ್ಷೆಗೆ ಓದಲೆಂದು ನಸುಕಿನಲ್ಲಿ ಎದ್ದಿದ್ದೆ. ಮಾಗಿಯ ಕಾಲ. ಕಪಿಲೆಯಿಂದ ಎದ್ದ ಮಂಜು ಬಜಾರಿನವರೆಗೂ ನಡೆದು ಬಂದು, ನಮ್ಮ ಓಣಿಯ ಬಾಯಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ನಡುಮನೆಯಲ್ಲಿ ಟಿವಿಯ ಬೂದು ಬೆಳಕು. ಮೈಸೂರಿನ ಟವರು ಆ ಹೊತ್ತಿಗೆ ಇನ್ನೂ ಕಣ್ಣು ತೆರೆಯುತ್ತಿರಲಿಲ್ಲ. ಹಾಗಿದ್ದರೆ ಪರದೆಯ ಮೇಲೆ ಯಾರು? ತಲೆಯಲ್ಲಿ ಬಿಳಿ ಹೂ ಮುಡಿದ ಒಬ್ಬ ಹೆಂಗಸು, ನಮಗೆ ಯಾರಿಗೂ ತಿಳಿಯದ ಭಾಷೆಯಲ್ಲಿ, ಗುಂಡು ಗುಂಡಾಗಿ ಏನೋ ಹೇಳುತ್ತಿದ್ದಳು. ನೀರಿನೊಳಗಿಂದ ನೋಡಿದ ಹಾಗೆ ಅವಳ ಮುಖ ತೇಲುತ್ತಿತ್ತು, ಕರಗುತ್ತಿತ್ತು, ಮತ್ತೆ ಕೂಡುತ್ತಿತ್ತು.

ಚಿಕ್ಕಪ್ಪ ಕಂಬಳಿ ಹೊದ್ದು, ಉಸಿರು ಬಿಟ್ಟರೆ ಅವಳು ಹಾರಿಹೋದಾಳು ಎಂಬಂತೆ ಕೂತಿದ್ದರು.

"ಯಾವ ಊರೋಳೋ?" ಎಂದರು ಅಜ್ಜಿ, ಎದ್ದು ಬಂದು.

"ಸಮುದ್ರದ ಆಚೆಯೋಳಿರಬೇಕಮ್ಮ. ಚಳಿಗಾಲದಲ್ಲಿ, ಮಂಜಿದ್ದಾಗ, ಹೀಗೆ ದಾರಿ ತಪ್ಪಿ ಬರ್ತಾರಂತೆ."

"ಅಯ್ಯೋ, ಅಷ್ಟು ದೂರದಿಂದ ಬಂದವ್ಳೆ. ಒಂದ್ಲೋಟ ಕಾಫಿ ಕುಡ್ಕೊಂಡು ಹೋಗು ಅನ್ನು."

ಬಿಸಿಲು ಬಂತು. ಮಂಜು ಓಣಿ ಬಿಟ್ಟು ಹಿಂದೆ ಸರಿಯಿತು. ಅವಳೂ ಹೂವಿನ ಸಮೇತ ಮೆಲ್ಲಮೆಲ್ಲಗೆ ಮಾಸಿಹೋದಳು. ಆಮೇಲೆ ಎಷ್ಟೋ ದಿನ ಚಿಕ್ಕಪ್ಪ ಊಟದ ಮಧ್ಯೆ ತುತ್ತು ಹಿಡಿದುಕೊಂಡೇ ಎತ್ತಲೋ ನೋಡುತ್ತಿದ್ದರು. ಕಾಣದ ಹಾದಿಗಳಲ್ಲಿ, ನಮ್ಮ ತಲೆಯ ಮೇಲೆಯೇ, ಯಾರು ಯಾರೋ ಓಡಾಡುತ್ತಿದ್ದಾರೆ. ನಾವು ಕೈ ಚಾಚಿದರೆ ಸಾಕು, ಬರುತ್ತಾರೆ. ಇದು ಅವರ ನಂಬಿಕೆ. "ಗಾಳಿ ಖಾಲಿ ಇಲ್ಲ ಕಣಮ್ಮ, ತುಂಬಿದೆ" ಎಂದು ನನ್ನ ಹತ್ತಿರ ಹೇಳುವರು. ನನಗೆ ಮೈ ಜುಮ್ಮೆನ್ನುತ್ತಿತ್ತು. ಅಪ್ಪನಿಗೆ ಮಾತ್ರ, ತಮ್ಮನಿಗೆ ಬೇಗ ಮದುವೆ ಮಾಡಬೇಕು ಎನಿಸುತ್ತಿತ್ತು.

ಶಾಲೆಯಿಂದಲೂ ದೂರು ಬಂತು. ನಿಮ್ಮ ಮನೆಯ ಚಿತ್ರ ಬರೆಯಿರಿ ಎಂದು ಹೇಳಿದ್ದ ಡ್ರಾಯಿಂಗ್ ಮೇಷ್ಟರು, ಸೂರ್ಯನಿಗೆ ಹಸಿರು ಬಣ್ಣ ಬಳಿದವರಿಗೆಲ್ಲ ಧಾರಾಳವಾಗಿ ಅಂಕ ಕೊಟ್ಟು, ಮನೆಯ ಮೇಲಿನ ಆಂಟೆನಾ ತೆಂಕಲು ನೋಡುವಂತೆ ಬರೆದವರಿಗೆ ಸೊನ್ನೆ ಸುತ್ತಿದ್ದರಂತೆ! ಮೈಸೂರು ಇರುವುದು ಬಡಗಲಿಗಲ್ಲವೇ? ಹೆಡ್‌ಮಾಸ್ಟರಿಗೆ ಇಷ್ಟೂ ತಿಳಿಯಬಾರದೇ?

ಅಂತೂ ಹೆಣ್ಣು ನೋಡಲು ಟಿ. ನರಸೀಪುರಕ್ಕೆ ಹೊರಟೆವು. ಅಪ್ಪ, ಅಜ್ಜಿ, ನಾನು, ಇಸ್ತ್ರಿ ಮಾಡಿದ ಅಂಗಿಯೊಳಗೆ ಚಿಕ್ಕಪ್ಪ. ಬಸ್ಸಿಳಿದು ನಡೆಯುವಾಗ ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ, ಮನೆಗಳ ತಲೆಯ ಮೇಲಿತ್ತು.

"ಅಣ್ಣಾ, ನೋಡು. ನಮ್ಮೂರಲ್ಲಿ ಎಲ್ಲ ಬಡಗಲಿಗೆ ನಿಂತಿದ್ರೆ ಇಲ್ಲಿ ಎಲ್ಲ ಪಡುವಲಿಗೆ. ಊರಿಗೆ ಊರೇ ಒಂದೇ ಕಡೆ ಮುಖ ಮಾಡಿ ಏನೋ ಕಾಯ್ತಾ ನಿಂತ ಹಾಗಿದೆ."

"ನೀನು ಮುಂದೆ ನೋಡ್ಕೊಂಡು ನಡಿ, ಸಗಣಿ ಇದೆ" ಎಂದರು ಅಪ್ಪ.

ಆ ಊರಿನಲ್ಲಿ ಒಂದೇ ಒಂದು ಆಂಟೆನಾ ಮಾತ್ರ ಎಲ್ಲರಿಗೂ ಬೆನ್ನು ಹಾಕಿ, ಮೂಡಲಿಗೆ ತಿರುಗಿ, ಕಾವೇರಿಯ ಕಡೆ ನೋಡುತ್ತ ನಿಂತಿತ್ತು. ಅದೇ ಹುಡುಗಿಯ ಮನೆ!

ಹುಡುಗಿಯ ಅಪ್ಪ ಗದ್ದೆ ಇದ್ದ ಒಕ್ಕಲಾಳು. ಬಿಳಿ ಮೀಸೆ, ಹಣೆಯ ತುಂಬ ವಿಭೂತಿ, ಗಟ್ಟಿ ದನಿ. ಉಪ್ಪಿಟ್ಟು ಕೇಸರಿಬಾತು ಬಂತು. ಅಪ್ಪ ಮಳೆ ಬೆಳೆ ಮಾತಾಡಿದರು. ಒಳಗಿನಿಂದ ಬಳೆಯ ಸದ್ದು ಹತ್ತಿರವಾಗುತ್ತಿತ್ತು. ಇನ್ನೇನು ಹುಡುಗಿ ಹೊಸಲು ದಾಟಬೇಕು, ಚಿಕ್ಕಪ್ಪ ಎದ್ದು ನಿಂತು, ಬಹಳ ಸಂಕೋಚದಿಂದ ಕೇಳಿದರು:

"ಒಂದು ಏಣಿ ಸಿಗುತ್ತಾ?"

ಹಿರಿಯರ ಮೀಸೆ ಮೇಲೆ ಹೋದದ್ದು ಅಲ್ಲೇ ನಿಂತಿತು. ಬಾಗಿಲ ಮರೆಯಿಂದ ಒಂದು ಹೆಣ್ಣು ದನಿ ಮಾತ್ರ ಹೇಳಿತು: "ಇತ್ತಲಲ್ಲಿ ಐತೆ."

ಆಮೇಲೆ ನಡೆದದ್ದನ್ನು ನಾವು ಮೂವರೂ ತಟ್ಟೆ ಹಿಡಿದುಕೊಂಡು ಕೇಳಿಸಿಕೊಂಡೆವು. ಮೇಲೆ ಚಿಕ್ಕಪ್ಪ. ಕೆಳಗೆ, ಒಳಕೋಣೆಯ ಟಿವಿಯ ಮುಂದೆ, ಆ ದನಿ.

"ಈಗ?"

"ಇನ್ನೂ ಬಲಕ್ಕೆ! ಅಯ್ಯೋ, ನಿಮ್ ಬಲ ಅಲ್ಲ, ನಮ್ ಬಲ!"

"ಈಗ?"

"ಮೂಗು ಬಂತು!"

"ಬಾಯಿ?"

"ಬಾಯಿನ್ನೂ ಬಂದಿಲ್ಲ. ಒಸಿ ತಡೀರಿ... ಬಂತು, ಬಂತು! ಅಯ್ಯೋ, ಓಯ್ತು! ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ. ನಕ್ಕೆ."

"ನಗ್ಬೇಡಿ, ಇಡ್ಕಳಿ!"

ಚಿಕ್ಕಪ್ಪ ಹಿಡಿದುಕೊಂಡರು. ಎಷ್ಟು ಹೊತ್ತು ಹಿಡಿದುಕೊಂಡರು ಎಂದರೆ ನಮ್ಮ ಕೊನೆಯ ಬಸ್ಸಿನ ಸಮಯ ಹತ್ತಿರವಾಗಿ, ಅಪ್ಪ ಅಂಗಳಕ್ಕೆ ಬಂದು ಕೂಗಿ ಕರೆದು ಇಳಿಸಿಕೊಂಡು ಹೊರಡಬೇಕಾಯಿತು. ಹುಡುಗಿಯ ಮುಖವನ್ನು ಅವರು ನೋಡಲೇ ಇಲ್ಲ. ಬಸ್ಸಿನಲ್ಲಿ ಅಪ್ಪ ಹಲ್ಲು ಕಚ್ಚಿಕೊಂಡು ಕೇಳಿದರು:

"ಹುಡುಗಿ ಹೇಗೋ?"

"ಸ್ಪಷ್ಟವಾಗಿದ್ದಾಳೆ ಅಣ್ಣ."

"ನೀನು ನೋಡ್ಲೇ ಇಲ್ವಲ್ಲೋ!"

"ಕೇಳಿದೆನಲ್ಲ" ಎಂದು ಚಿಕ್ಕಪ್ಪ ಕಿಟಕಿಯಾಚೆ ತಿರುಗಿದರು. ಹೊರಗೆ ಗದ್ದೆಗಳ ಮೇಲೆ ಬೆಳಕು ಕಂದುತ್ತಿತ್ತು. ಅವರ ಮುಖದಲ್ಲಿ ಆ ಮಾಗಿಯ ಬೆಳಗಿನದೇ ಮಂಜು.

ಅತ್ತ ನರಸೀಪುರದಲ್ಲಿ ರಂಪವಾಗಿತ್ತು. ಇದನ್ನು ಚಿಕ್ಕಮ್ಮ ಆಮೇಲೆ ನನಗೆ ಹೇಳಿದ್ದು. ಅವರಪ್ಪ ಟವಲು ಕೊಡವಿ, "ಎಣ್ ನೋಡಾಕೆ ಬಂದೋರು ಏಣಿ ಕೇಳಾದುಂಟಾ? ಅಂಥೋನ್ಗೆ ನನ್ ಮಗಳ ಕೊಡಾಕಿಲ್ಲ" ಎಂದರಂತೆ. ಚಿಕ್ಕಮ್ಮನಿಗೆ ಅದಕ್ಕೂ ಮೊದಲು ಎಷ್ಟೋ ಗಂಡುಗಳು ಬಂದು ಹೋಗಿದ್ದವು. ಬಣ್ಣ ಕಪ್ಪು ಎಂದು ದಾರಿಯಲ್ಲೇ ಮಾತಾಡಿಕೊಂಡು ಹೋಗಿದ್ದವು. ಚಿಕ್ಕಮ್ಮ ತಮ್ಮ ಅಪ್ಪನ ಎದುರಿಗೆ ನಿಂತು, "ಇಲ್ಲೀಗಂಟ ಬಂದೋರೆಲ್ಲ ನನ್ನ ಮಕ ನೋಡ್ಕಂಡು, ಉಪ್ಪಿಟ್ಟು ತಿನ್ಕಂಡು ಓದ್ರು. ನಮ್ಮನೇಲಿ ಏನಾರ ಒಂದ ಸರಿ ಮಾಡ್ಬುಟ್ಟು ಓದೋರು ಇವರೊಬ್ರೇಯ. ನಾನು ಇವರನ್ನೇ ಆಗೋದು" ಎಂದರಂತೆ.

ಅವರಪ್ಪನ ಗಟ್ಟಿದನಿ ಮಗಳ ಮುಂದೆ ನಡೆಯಲಿಲ್ಲ. ಮದುವೆಯಾಯಿತು. ಆದರೆ ಆ ದಿನದಿಂದ ಹಿರಿಯರು ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಎಲ್ಲವೂ ಮಗಳ ಮೂಲಕವೇ. ಅಳಿಯ ಪಕ್ಕದಲ್ಲೇ ಕೂತಿದ್ದರೂ, "ಅವರ್ಗೆ ಏಳವ್ವ, ಊಟಕ್ಕೆ ಏಳ್ಬೇಕಂತೆ ಅಂತ." ಚಿಕ್ಕಪ್ಪನೂ ಮರ್ಯಾದಸ್ಥರು, "ಎದ್ದರಂತೆ ಅನ್ನು" ಎನ್ನುವರು.

ನಂಜನಗೂಡಿಗೆ ಬಂದ ಚಿಕ್ಕಮ್ಮ ಬಲು ಬೇಗ ಗಂಡನ ರೀತಿ ಅರಿತುಕೊಂಡರು. ಟಿವಿ ನೋಡುವುದು ಅವರ ಪಾಲು, ನೋಡುವಂತೆ ಮಾಡುವುದು ಚಿಕ್ಕಪ್ಪನ ಪಾಲು. "ನಮ್ಮನೇವ್ರಾ? ಊಟಕ್ಕೆ ಕೂತ್ರೂ ತಟ್ಟೇನ ಮೈಸೂರು ಕಡೀಕೆ ತಿರುಗಿಸ್ಕಂಡೇ ಕೂರಾದು" ಎಂದು ಓಣಿಯ ಹೆಂಗಸರನ್ನೆಲ್ಲ ನಗಿಸುವರು. ಇಡ್ಲಿ ತಟ್ಟೆಗಳನ್ನು ಕೆಳಗಿಳಿಸಿದ ಕೀರ್ತಿಯೂ ಅವರದೇ. ಹೇಗೆ ಇಳಿಸಿದರು? ಜಗಳವಾಡಲಿಲ್ಲ. ಟಿವಿಯ ಮುಂದೆ ಕೂತು, "ತಟ್ಟೆ ಬಿಚ್ಚಿ ನೋಡಿ... ಆಹಾ, ಎಷ್ಟ್ ಚೆಂದಾಗಿ ಬಂತು!" ಎಂದು ಒಂದು ಸುಳ್ಳು ಹೇಳಿದರು, ಅಷ್ಟೆ.

ಯುಗಾದಿಗೆ ನರಸೀಪುರಕ್ಕೆ ಹೋದರೆ ಚಿಕ್ಕಪ್ಪ ಹೋಳಿಗೆಗೂ ಮೊದಲು ತಾರಸಿಗೆ ಹೊರಡುವರು. ಹಿರಿಯರು ಒಂದು ಸಲ ಬೇಕೆಂದೇ ಏಣಿಯನ್ನು ದನದ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಚಿಕ್ಕಪ್ಪ ಸೋಲುವವರೇ? ಹಿತ್ತಲಿನ ನುಗ್ಗೆಮರ ಹತ್ತಿದರು! ನುಗ್ಗೆಮರದ ಕೊಂಬೆ ಎಂಥದೆಂದು ಡ್ರಾಯಿಂಗ್ ಮೇಷ್ಟರಿಗೆ ತಿಳಿದಿರಲಿಲ್ಲ. ಅದು ಲಟಕ್ಕನೆ ಮುರಿದು, ಕೊಂಬೆ, ಕಾಯಿ, ಅಳಿಯ ಎಲ್ಲ ಒಟ್ಟಿಗೆ ಹುಲ್ಲಿನ ಬಣವೆಯ ಮೇಲೆ ಬಂದಿಳಿದರು. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಹಿರಿಯರು ತಿರುಗಿ ಸಹ ನೋಡದೆ ಹೇಳಿದರು:

"ಅವರ್ಗೆ ಏಳವ್ವ, ಸಾರ್ಗೆ ಎಲ್ಡು ಕಾಯಿ ಸಾಕಾಗಿತ್ತು ಅಂತ."

ಹೀಗೇ ವರ್ಷಗಳು ಕಳೆದವು. ಅಜ್ಜಿ ಹೋದರು. ನಾನು ಓದು ಮುಗಿಸಿ ಊರಿನಲ್ಲೇ ಟೀಚರಾದೆ. ಊರಿಗೆ ಕೇಬಲ್ಲು ಬಂತು. ಒಂದೊಂದೇ ಮನೆಯ ಆಂಟೆನಾ ಇಳಿಯಿತು. ಕೆಲವರು ಅದರ ಮೇಲೆ ಪಂಚೆ ಒಣಹಾಕಿದರು. ಕೆಲವರು ಗುಜರಿಗೆ ಕೊಟ್ಟರು. ಚಿಕ್ಕಪ್ಪ ಗುಜರಿ ಅಂಗಡಿಯಿಂದ ಒಂದೆರಡನ್ನು ಮನೆಗೆ ಕರೆತಂದರು. ಕರೆತಂದರು ಎಂದೇ ಹೇಳಬೇಕು, ಆ ರೀತಿ ತೋಳಲ್ಲಿ ಎತ್ತಿಕೊಂಡು ಬಂದರು! ಸಂಜೆ ತಾರಸಿಯ ಮೇಲೆ ಅವುಗಳ ನಡುವೆ ಕೂತು ಊರನ್ನು ನೋಡುವರು. ಬೋಳು ಬೋಳಾದ ಮನೆಗಳು, ಅವುಗಳಾಚೆ ಗೋಪುರ, ಗೋಪುರದಾಚೆ ಹೊಳೆಯ ಮೇಲಿನ ಹೊಗೆಯಂಥ ಬೆಳಕು. "ಕಾಗೆಗಳು ಈಗೆಲ್ಲಿ ಕೂರ್ತವೋ" ಎಂದರು ಒಮ್ಮೆ. ನನಗೆ ನಗು ಬರಲಿಲ್ಲ.

ಆಮೇಲೆ ಡಿಜಿಟಲ್ ಬಂತು. ಬಾಣಲೆಯಂಥ ತಟ್ಟೆಯೊಂದು, ಅದರ ಜೊತೆಗೆ ಪುಟ್ಟ ಪೆಟ್ಟಿಗೆಯೊಂದು. ಸರ್ಕಾರದ ಚಾನೆಲ್ಲುಗಳೆಲ್ಲ ತಿಂಗಳ ಬಾಡಿಗೆಯಿಲ್ಲದೆ ಆಕಾಶದಿಂದಲೇ ಬರುತ್ತವಂತೆ. ಚಿಕ್ಕಪ್ಪ ಮೊದಲು ಮುಖ ತಿರುಗಿಸಿದರು. "ಹಳೇದರಲ್ಲಿ ಮಳೆ ಬಂದ್ರೆ ಚಿತ್ರ ನೆನೀತಿತ್ತು, ಅಷ್ಟೆ. ಇದರಲ್ಲಿ ಒಡೆದು ಚೂರು ಚೂರಾಗುತ್ತೆ. ಬಂದ್ರೆ ಪೂರ್ತಿ, ಇಲ್ದಿದ್ರೆ ನೀಲಿ ಗೋಡೆ. ಇದೇನಮ್ಮ ಇದು, ಸಂಕೋಚವೇ ಇಲ್ಲ!" ಆದರೆ ಆ ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದರೂ ಆಕಾಶವೇ ತಪ್ಪಿಹೋಗುತ್ತದೆ ಎಂದು ಗೊತ್ತಾದ ಕೂಡಲೇ ಅವರ ಕಣ್ಣು ಹೊಳೆಯಿತು. ಇಂಥ ಕಷ್ಟದ ಕೆಲಸವನ್ನು ಬಿಟ್ಟವರುಂಟೇ?

ಅಲ್ಲಿಂದ ಮುಂದೆ ಊರಿಗೆ ಅವರೇ ದಿಕ್ಕು. ಆ ಪೆಟ್ಟಿಗೆಯ ಚಾನೆಲ್ಲುಗಳಿಗೆ ಆಗಾಗ ಜಾಗ ಬದಲಿಸುವ ಚಟ. ರಾತ್ರಿ ಇದ್ದದ್ದು ಬೆಳಿಗ್ಗೆ ಇರದು. ಆಗ ಪೆಟ್ಟಿಗೆಯನ್ನು ಮತ್ತೆ ಮೊದಲಿನಿಂದ ಹುಡುಕಲು ಹಚ್ಚಬೇಕು. "ಸಾ, ನಮ್ಮನೇಲಿ ಚಾನಲ್ಲೆಲ್ಲ ಓಗ್ಬುಟ್ಟವೆ ಸಾ!" ಎಂದು ದೇವನೂರಿನ ಬಸ್ಸಿನಿಂದ ಇಳಿದವರೂ ಹುಡುಕಿಕೊಂಡು ಬರುವರು. ಚಿಕ್ಕಪ್ಪ ಸೈಕಲ್ಲೇರಿ ಹೊರಡುವರು. ಚಿತ್ರ ಬಂದೊಡನೆ ಅದೇ ಓರೆ ತಲೆ, ಅದೇ "ಹಾಂ", ಅದೇ ನಿರ್ಗಮನ.

ಅಂಥ ದಿನಗಳಲ್ಲೇ ನರಸೀಪುರದಿಂದ ಫೋನು ಬಂತು. ಚಿಕ್ಕಮ್ಮನ ಅಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಜೊತೆಗೆ ಮಾತು. ಮೈಸೂರಿನ ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೇ ಕರೆತಂದರು. ಚಿಕ್ಕಮ್ಮನ ತಾಯಿ ಎಂದೋ ತೀರಿಹೋಗಿದ್ದರು, ಇದ್ದವರು ಮಗಳೊಬ್ಬರೇ. ನಡುಮನೆಯ ಕಿಟಕಿಯ ಪಕ್ಕ ಮಂಚ ಹಾಕಿದೆವು.

ಹಿರಿಯರು ಮಲಗಲಿಲ್ಲ. ಕಣ್ಣು ಮುಚ್ಚಿದರೆ ಬಜಾರಿನ ಲಾರಿ ಹಾರನ್ನು, ತೆರೆದರೆ ಓಣಿಯ ಗೋಡೆ. ಎಡಗೈಯಿಂದ ಹೊದಿಕೆ ಕಿತ್ತೆಸೆಯುವರು, ಮಂಚದಿಂದ ಇಳಿಯಲು ಹೋಗಿ ಜಾರುವರು. ಗಂಜಿ ಬಾಯಿಗಿಟ್ಟರೆ ತುಟಿ ಬಿಗಿಹಿಡಿಯುವರು. ನಿದ್ದೆ ಬರದಿದ್ದರೆ, ಹೊಟ್ಟೆಗೆ ಬೀಳದಿದ್ದರೆ ಬಹಳ ದಿನ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಯಾವಾಗಲೂ ನಗಿಸುತ್ತಿದ್ದ ಚಿಕ್ಕಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು, ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ ಅತ್ತರು. "ನಮ್ಮಪ್ಪ ಇಂಗೇ ಬಾಡ್ಕಂಡು ಓಯ್ತಾರೆ ಕಣವ್ವ" ಎಂದರು ನನಗೆ.

ಚಿಕ್ಕಪ್ಪನಿಗೆ ಗೊತ್ತಿದ್ದ ಮದ್ದು ಒಂದೇ. ಟಿವಿಯನ್ನು ಮಂಚದ ಎದುರಿಗೆ ತಂದಿಟ್ಟರು. ತಟ್ಟೆಯನ್ನು ಅಳೆದು ಸುರಿದು ನಿಲ್ಲಿಸಿದರು. ಭಜನೆ ಹಾಕಿದರು, ಅವರ ಮಾವ ಗೋಡೆಗೆ ತಿರುಗಿದರು. ಕೃಷಿ ಕಾರ್ಯಕ್ರಮ ಹಾಕಿದರು. ಟ್ರ್ಯಾಕ್ಟರು ಮಾರುವ ಹುಡುಗನ ಮಾತು ಕೇಳಿ ಮಾವ ಕಣ್ಣು ಮುಚ್ಚಿದರು. ಊರಿಗೆಲ್ಲ ಚಿತ್ರ ತರಿಸಿಕೊಟ್ಟ ನಮ್ಮ ಚಿಕ್ಕಪ್ಪ ಆ ಒಬ್ಬರ ಮುಂದೆ ರಿಮೋಟು ಹಿಡಿದು ಪೆಚ್ಚಾಗಿ ನಿಂತರು.

ಒಂದು ಮಧ್ಯಾಹ್ನ ಚಾನೆಲ್ಲುಗಳು ಮತ್ತೆ ಕಾಣೆಯಾದವು. ಪರದೆಯ ತುಂಬ ಮೂಕ ನೀಲಿ. ಎಷ್ಟು ಹುಡುಕಿಸಿದರೂ ಪೆಟ್ಟಿಗೆ ಏನನ್ನೂ ತರಲಿಲ್ಲ. ಕೆಟ್ಟಿರುವುದು ಪೆಟ್ಟಿಗೆಯೋ ಟಿವಿಯೋ ನೋಡೋಣವೆಂದು ಚಿಕ್ಕಪ್ಪ ಅಟ್ಟದಿಂದ ಆ ಹಳೆಯ ಕಪ್ಪು ಬಿಳುಪಿನದನ್ನು ಇಳಿಸಿ, ಧೂಳು ಒರೆಸಿ, ಸ್ವಿಚ್ಚು ಹಾಕಿದರು. ಇನ್ನೂ ಯಾವ ತಂತಿಯನ್ನೂ ಸಿಕ್ಕಿಸಿರಲಿಲ್ಲ. ಪರದೆ ನಿಧಾನವಾಗಿ ಬೆಳಗಿತು. ಹುಳಗಳು. ಬರೀ ಹುಳಗಳು. ಜೊತೆಗೆ ಕೋಣೆಯ ತುಂಬ ಒಂದೇ ಸಮನೆ ಸುರಿಯುವ ಸದ್ದು: ಶ್ಶ್ಶ್ಶ್...

ಚಿಕ್ಕಪ್ಪ ಥಟ್ಟನೆ ಸದ್ದಿನ ಗುಂಡಿಗೆ ಕೈ ಹಾಕಿದರು. ಹಿಂದಿನಿಂದ ಅವರ ಅಂಗಿಯ ತುದಿಯನ್ನು ಯಾರೋ ಎಳೆದರು.

ಮಾವ. ಎಡಗೈ ಚಾಚಿ ಅಂಗಿ ಹಿಡಿದುಕೊಂಡಿದ್ದರು. ಮುಖವನ್ನು ಸದ್ದಿನ ಕಡೆ ತಿರುಗಿಸಿ, ಹಣೆಯ ಗಂಟು ಬಿಚ್ಚಿ, ಎಷ್ಟೋ ದಿನಗಳಿಂದ ಒಂದು ಅಕ್ಷರವನ್ನೂ ಆಡದಿದ್ದ ಬಾಯಿಂದ ತೊದಲುತ್ತ ಹೇಳಿದರು:

"ನೀ... ನೀರ್ ಬುಟ್ಟವ್ರೆ."

ಚಿಕ್ಕಮ್ಮ ಅಡುಗೆಮನೆಯಿಂದ ಓಡಿಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ನಮ್ಮನೆ ಹಿಂದ್ಗಡೆ ನಾಲೆ ತೂಬು ಐತಲ್ರೀ" ಎಂದರು. "ಅಪ್ಪ ಮಲಗ್ತಿದ್ದ ಕೋಣೆ ಕಿಟಕಿ ಅದ್ರ ಕಡೀಕೇ. ನಾಲೇಲಿ ನೀರು ಬುಟ್ರೆ ತೂಬಿಂದ ಇಂಗೇ ಸುರೀತದೆ. ಗದ್ದೆಗೆ ನೀರು ಓಯ್ತಾ ಅದೆ ಅಂತ ಗೊತ್ತಾದ್ರೆ ಮಾತ್ರ ಅವರ್ಗೆ ನಿದ್ದೆ."

ಚಿಕ್ಕಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಹಳೆಯ ಟಿವಿಯ ಗುಂಡಿಯನ್ನು ಬೆರಳ ತುದಿಯಿಂದ ಹಿಡಿದು, ತಮ್ಮ ಜೀವಮಾನದಲ್ಲೇ ಅತಿ ಸೂಕ್ಷ್ಮವಾದ ಟ್ಯೂನಿಂಗ್ ಮಾಡತೊಡಗಿದರು. ಯಾವ ಊರಿನ ಚಿತ್ರವೂ, ಯಾರ ಮಾತೂ ನುಸುಳದ, ನಯವಾಗಿ ಸುರಿಯುವ ಒಂದು ಜಾಗ ಬೇಕಾಗಿತ್ತು ಅವರಿಗೆ. ಎಲ್ಲ ಹುಳಗಳ ಸದ್ದೂ ಒಂದೇ ಎಂದು ನಾನು ತಿಳಿದಿದ್ದೆ. ಅಲ್ಲವಂತೆ! ಒಂದು ಕಡೆ ಒರಟು, ಒಂದು ಕಡೆ ಸೀಳು, ಇನ್ನೊಂದು ಕಡೆ ಮೆತ್ತಗೆ.

"ಮಾವ, ಇದಾ? ಇಲ್ಲ, ಇದರಲ್ಲಿ ಕಲ್ಲು ಜಾಸ್ತಿ. ಇದು?... ಅರ್ಧ ತೂಬು ಸಾಕಾ, ಪೂರ್ತಿ ಎತ್ತಿಸ್ಲಾ?"

ಮಾವ ಎಡಗೈಯನ್ನು ಮೆಲ್ಲಗೆ ಮೇಲೆತ್ತಿದರು. ಚಿಕ್ಕಪ್ಪ ಸದ್ದು ಏರಿಸಿದರು. ತೂಬು ಪೂರ್ತಿ ತೆರೆಯಿತು.

ಆ ದಿನ ಹಿರಿಯರು ಒಂದು ಬಟ್ಟಲು ಗಂಜಿ ಕುಡಿದು ಸಂಜೆಯವರೆಗೆ ನಿದ್ದೆ ಮಾಡಿದರು. ಮರುದಿನವೂ, ಅದರ ಮರುದಿನವೂ. ಹೊಸ ಟಿವಿ ಮೂಲೆ ಸೇರಿತು. ಮಧ್ಯಾಹ್ನವಾದರೆ ನಮ್ಮ ನಡುಮನೆಯಲ್ಲಿ ನಾಲೆ ಹರಿಯುತ್ತಿತ್ತು. ಲಾರಿಗಳ ಹಾರನ್ನು ಆ ನೀರಿನಲ್ಲಿ ಮುಳುಗಿಹೋಗುತ್ತಿತ್ತು. ಪೆಟ್ಟಿಗೆ ಸರಿಮಾಡಿಸಿಕೊಳ್ಳಲು ಬಂದ ಒಬ್ಬ ರೈತ ಬಾಗಿಲಲ್ಲಿ ನಿಂತು ಹುಳಗಳನ್ನು ಕಂಡು ಮರುಗಿದ.

"ಏನ್ ಸಾ, ಊರೋರ್ದೆಲ್ಲ ಸರಿ ಮಾಡ್ತೀರಿ, ನಿಮ್ಮನೇದೇ ಕೆಟ್ಟು ಕೂತದಲ್ಲ!"

"ಮೆಲ್ಲಗೆ ಮಾತಾಡಪ್ಪ" ಎಂದರು ಚಿಕ್ಕಪ್ಪ. "ಕೆಟ್ಟಿಲ್ಲ. ಬ...ಹಳ ಚೆನ್ನಾಗಿ ಬರ್ತಾ ಇದೆ."

ಒಂದು ಭಾನುವಾರ ನಾನು ಕಾಫಿ ಹಿಡಿದು ಒಳಗೆ ಹೋದೆ. ಕಿಟಕಿಯ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಚಿಕ್ಕಪ್ಪ ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ, ಕಿವಿಗೊಟ್ಟು, ತೃಪ್ತಿಯಾಗಿ, ಎದ್ದು ಹೊರಟರು. ಮಾವನ ಕಣ್ಣು ತೆರೆದಿತ್ತು. ಅವರು ಒಂದು ಮೊಣಕೈ ಊರಿ, ಆಗದ ಮೈಯನ್ನು ಎಳೆದುಕೊಂಡು, ಗೋಡೆಯ ಕಡೆಗೆ ಇಷ್ಟಿಷ್ಟೇ ಸರಿದರು. ನೋವಾಗುತ್ತಿದೆಯೇನೋ ಎಂದು ಚಿಕ್ಕಪ್ಪ ಗಾಬರಿಯಿಂದ ಹಿಂದಿರುಗಿದರು.

ನೋವಲ್ಲ. ಮಂಚದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದ್ದರು. ಆ ಜಾಗವನ್ನು ಎಡಗೈಯಿಂದ ಮೆಲ್ಲಗೆ ತಟ್ಟಿದರು.